ಹೊಳೆದಂಡೆಯ ಕೋಳಿ ತ್ಯಾಜ್ಯ, ಹೈಮಾಸ್ಟ್ ದೀಪ ಮತ್ತು ನೀರುನಾಯಿಗಳ ಕುರಿತು ಮನವಿ ಪತ್ರ

ಗೆ,
ಅಧ್ಯಕ್ಷರು ಹಾಗೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು,
ಗ್ರಾಮ ಪಂಚಾಯಿತಿ ಕಾರ್ಯಾಲಯ,
ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ.

ವಿಷಯ: ಸ್ನಾನಘಟ್ಟದ ಕೆಳಗಿನ ದಡದಲ್ಲಿ ಕೋಳಿ ತ್ಯಾಜ್ಯ ಸುರಿಯುವುದನ್ನು ತಡೆಯುವ ಮತ್ತು ರಾತ್ರಿ ದೀಪದ ಬೆಳಕನ್ನು ಹೊಳೆಯಿಂದ ತಿರುಗಿಸುವ ಬಗ್ಗೆ.

ಮಾನ್ಯರೇ,

ಮುದ್ಲಾಪುರದಿಂದ ಕಂಪ್ಲಿಯವರೆಗೆ ತುಂಗಭದ್ರೆಯ 34 ಕಿಲೋಮೀಟರ್ ಪಾತ್ರವನ್ನು ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದೆ. ನಮ್ಮ ಸ್ನಾನಘಟ್ಟವೂ ಅದರ ಕೆಳಗಿನ ಜೊಂಡು, ಬಂಡೆಗಳೂ ಅದರೊಳಗೇ ಬರುತ್ತವೆ. ಇದು ತಮಗೆ ತಿಳಿದದ್ದೇ. ತಿಳಿಸಬೇಕಾದದ್ದು, ಆ ಪ್ರಾಣಿಗಳು ಈಗ ಬದುಕುತ್ತಿರುವ ರೀತಿಯನ್ನು.

ಹತ್ತು ವರ್ಷಗಳ ಹಿಂದೆ ಬೆಳಗಿನ ಎಂಟು ಗಂಟೆಗೆ ಬಟ್ಟೆ ಒಗೆಯಲು ಹೋದವರ ಎದುರಿಗೇ ಐದಾರು ನೀರುನಾಯಿಗಳು ಸಾಲಾಗಿ ಈಜಿಕೊಂಡು ಬಂದು, ಮರಳಿನಲ್ಲಿ ಹೊರಳಾಡಿ ಮೈ ಒರೆಸಿಕೊಳ್ಳುತ್ತಿದ್ದವು. ಈಗ ಅವು ಕಾಣುವುದು ನಸುಕಿನ ನಾಲ್ಕಕ್ಕೆ ಪಂಪ್‌ಸೆಟ್ ಹಾಕಲು ಹೋಗುವ ರೈತರಿಗೆ ಮಾತ್ರ. ಇದು ನಮ್ಮೂರಿನ ವಿಚಿತ್ರವೇನಲ್ಲ. ಮನುಷ್ಯರ ಓಡಾಟ ಹೆಚ್ಚಿದಲ್ಲಿ ಸಸ್ತನಿಗಳು ಹಗಲು ಬಿಟ್ಟು ರಾತ್ರಿಗೆ ಸರಿಯುತ್ತವೆ ಎಂದು 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 62 ಜಾತಿಗಳನ್ನು ಪರಿಶೀಲಿಸಿ ಹೇಳಿದೆ. ಹಗಲನ್ನು ನಮಗೆ ಬಿಟ್ಟುಕೊಟ್ಟ ನಮ್ಮ ನೀರುನಾಯಿಗಳಿಗೆ ಈಗ ರಾತ್ರಿಯೂ ಉಳಿದಿಲ್ಲ. ಘಟ್ಟದ ಹೈಮಾಸ್ಟ್ ದೀಪ ಆಚೆ ದಡದವರೆಗೂ ಬೆಳಗುತ್ತದೆ.

ದೀಪಕ್ಕಿಂತ ದೊಡ್ಡ ಕಂಟಕ ಕೋಳಿ ತ್ಯಾಜ್ಯ. ಭಾನುವಾರ ಸಂಜೆಯಾದರೆ ಚೀಲಗಟ್ಟಲೆ ಪುಕ್ಕ, ಕರುಳು ಜೊಂಡಿನ ಅಂಚಿಗೆ ಬಂದು ಬೀಳುತ್ತವೆ. ಅದನ್ನು ತಿಂದು ಬೆಳೆದ ಇಪ್ಪತ್ತಕ್ಕೂ ಹೆಚ್ಚು ಬೀದಿನಾಯಿಗಳು ಅಲ್ಲೇ ಬೀಡುಬಿಟ್ಟಿವೆ. ನೀರುನಾಯಿ ಮರಿ ಹಾಕುವುದು ಬಂಡೆ ಸಂದಿನಲ್ಲಿ, ಬೇರಿನ ಪೊಟರೆಯಲ್ಲಿ. ಹುಟ್ಟಿದ ಮರಿಗೆ ಕಣ್ಣು ತೆರೆದಿರುವುದಿಲ್ಲ, ಈಜಲೂ ಬಾರದು. ತಾಯಿ ಮೀನಿಗೆ ಹೋದ ಹೊತ್ತಿನಲ್ಲಿ ಅದಕ್ಕೆ ಯಾರೂ ದಿಕ್ಕಿಲ್ಲ. ಕಳೆದ ಸಂಕ್ರಾಂತಿಯ ಮರುದಿನ ನಾಯಿಗಳು ಒಂದು ಮರಿಯನ್ನು ಹೊರಗೆಳೆದಿದ್ದವು. ನಾವು ಕಲ್ಲೆಸೆದು ಬಿಡಿಸುವಷ್ಟರಲ್ಲಿ ಅದು ಸತ್ತಿತ್ತು. ಅಂಗೈಯಷ್ಟೇ ಮೈ, ಬೆರಳುಗಳ ನಡುವೆ ತೆಳ್ಳನೆಯ ಚರ್ಮ. ತಾಯಿ ಕತ್ತಲಾಗುವವರೆಗೂ ನೀರಿನಿಂದ ತಲೆಯೆತ್ತಿ ಸಿಳ್ಳೆಯಂತೆ ಕೂಗುತ್ತಲೇ ಇತ್ತು. ಆ ಕೂಗು ಕೇಳಿದವರೇ ಈ ಪತ್ರ ಬರೆಯಲು ಒತ್ತಾಯಿಸಿದ್ದಾರೆ.

ನೀರುನಾಯಿ ಬಲೆ ಹರಿಯುತ್ತದೆ ಎಂಬ ಸಿಟ್ಟು ನಮ್ಮ ಮೀನುಗಾರರ ಮನೆಗಳಲ್ಲಿದೆ. ಅದು ಸುಳ್ಳಲ್ಲ, ನೈಲಾನ್ ಬಲೆ ದುಬಾರಿ. ಆದರೆ ಮೀನು ಕಡಿಮೆಯಾದದ್ದಕ್ಕೆ ನೀರಿನಲ್ಲಿ ತೋಟಾ (ಸಿಡಿಮದ್ದು) ಸಿಡಿಸಿ ಮೀನು ಹಿಡಿಯುವವರೇ ಕಾರಣವೆಂದು ಅವರೇ ಹೇಳುತ್ತಾರೆ. ಒಂದು ಸಿಡಿತಕ್ಕೆ ಮಡುವಿನ ಮರಿಮೀನುಗಳೆಲ್ಲ ಸಾಯುತ್ತವೆ. ಆ ಮನೆಗಳಿಂದಲೂ ಈ ಪತ್ರಕ್ಕೆ ಸಹಿ ಬಂದಿದೆ.

ಆದ್ದರಿಂದ ಕೋಳಿ ಅಂಗಡಿಗಳ ಪರವಾನಗಿ ನವೀಕರಿಸುವಾಗ ತ್ಯಾಜ್ಯವನ್ನು ಪಂಚಾಯಿತಿಯ ಕಸದ ವಾಹನಕ್ಕೇ ಕೊಡಬೇಕೆಂಬ ಷರತ್ತು ಹಾಕಬೇಕು. ಭಾನುವಾರ ಸಂಜೆಯೂ ವಾಹನ ಬರಬೇಕು, ಇಲ್ಲವಾದರೆ ಷರತ್ತು ಕಾಗದದಲ್ಲೇ ಉಳಿಯುತ್ತದೆ. ಬೀದಿನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮತ್ತು ಲಸಿಕೆ ಹಾಕಿಸಬೇಕು. ದೀಪವನ್ನು ಕಿತ್ತುಹಾಕಿ ಎಂದು ನಾವು ಕೇಳುವುದಿಲ್ಲ. ಹಾವಿನ ಭಯಕ್ಕೆ ಅದನ್ನು ಬೇಡಿ ಹಾಕಿಸಿಕೊಂಡವರು ನಮ್ಮ ಓಣಿಯ ಹೆಣ್ಣುಮಕ್ಕಳೇ. ಬೆಳಕು ಮೆಟ್ಟಿಲುಗಳ ಮೇಲಷ್ಟೇ ಬೀಳುವಂತೆ ತಿರುಗಿಸಿ, ರಾತ್ರಿ ಹತ್ತರ ಬಳಿಕ ಆರಿಸಿದರೆ ಸಾಕು. ಬೇಸಿಗೆಯಲ್ಲಿ ಜೊಂಡಿಗೆ ಬೆಂಕಿ ಹಚ್ಚುವುದನ್ನೂ ತಡೆಯಬೇಕು.

ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ವಿನಂತಿ. ಅದಕ್ಕೂ ಮೊದಲು ಒಂದು ದಿನ ನಸುಕಿನಲ್ಲಿ ತಾವು ಘಟ್ಟಕ್ಕೆ ಬಂದರೆ, ಮೀನಿನ ಹುರುಪೆ ಬೆರೆತ ಅವುಗಳ ಹಿಕ್ಕೆ ಬಿದ್ದಿರುವ ಬಂಡೆಯನ್ನೂ ಪೊಟರೆಗಳನ್ನೂ ನಾವೇ ಜೊತೆಗಿದ್ದು ತೋರಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಹೊಳೆದಂಡೆ ಓಣಿಯ ನಿವಾಸಿಗಳು
(ಸಹಿಗಳ ಪುಟ ಲಗತ್ತಿಸಿದೆ)

ಪ್ರತಿ: ವಲಯ ಅರಣ್ಯಾಧಿಕಾರಿಗಳಿಗೆ, ಮಾಹಿತಿಗಾಗಿ.