ದೇವರು ಬಲ್ಲ, ಸಹಿ ಹಾಕಬೇಕಾದವರು ನಾವು

ಮಾನ್ಯ ಸಂಪಾದಕರೇ,

ನಮ್ಮ ಓಣಿಯ ಹುಡುಗಿಯೊಬ್ಬಳು ಎಸ್ಸೆಸ್ಸೆಲ್ಸಿ ಓದುತ್ತಿದ್ದಾಳೆ. ಜಾತಕ ನೋಡಿದವರು ‘ಈಕೆಗೆ ವಿದ್ಯಾಯೋಗವಿಲ್ಲ’ ಎಂದರಂತೆ. ಅಂದಿನಿಂದ ತಂದೆ ಪರೀಕ್ಷೆಯ ಅರ್ಜಿಗೆ ಸಹಿ ಹಾಕದೆ ಕುಳಿತಿದ್ದಾರೆ. ವಿಚಾರಿಸಲು ಹೋದರೆ, ‘ಅಕ್ಕಾವರೇ, ದೇವರಿಗೆ ಮೊದಲೇ ಗೊತ್ತಿರುವುದನ್ನು ನಾವು ತಪ್ಪಿಸಲಾದೀತೇ? ಪಾಸಾಗುವುದಿದ್ದರೆ ಆಗಿಯೇ ಆಗುತ್ತಾಳೆ’ ಎಂದರು. ಅರ್ಜಿಯೇ ಹೋಗದಿದ್ದರೆ ಪಾಸಾಗುವುದು ಎಲ್ಲಿಂದ ಬಂತು? ಆದರೂ ಅವರು ಒಳ್ಳೆಯವರು, ದೈವಭಕ್ತರು. ಅವರ ಪ್ರಶ್ನೆಯನ್ನು ತಳ್ಳಿಹಾಕಲು ನನ್ನಿಂದಾಗಲಿಲ್ಲ. ಆ ರಾತ್ರಿ ನಿದ್ದೆ ಹತ್ತಲಿಲ್ಲ.

2019ರ ಡಿಸೆಂಬರ್ 26 ನೆನಪಾಯಿತು. ಬೆಳಿಗ್ಗೆ 8 ಗಂಟೆಯ ಸುಮಾರಿಗೆ ಸೂರ್ಯಗ್ರಹಣ ಹಿಡಿಯಿತು. ಮಕ್ಕಳನ್ನು ಶಾಲೆಯ ಮಾಳಿಗೆಗೆ ಕರೆದೊಯ್ದು, ರಟ್ಟಿಗೆ ಸೂಜಿಯಿಂದ ತೂತು ಮಾಡಿ, ಬಿಳಿ ಹಾಳೆಯ ಮೇಲೆ ಬಿದ್ದ ಕಡಲೆಕಾಳಿನಷ್ಟು ಸೂರ್ಯನ ಅಂಚು ಕರಗುವುದನ್ನು ತೋರಿಸಿದ್ದೆ. ಆ ಗಳಿಗೆ ಪಂಚಾಂಗದಲ್ಲಿತ್ತು, ವಿಜ್ಞಾನಿಗಳ ಲೆಕ್ಕದಲ್ಲೂ ಇತ್ತು. ಅದೇ ಹೊತ್ತಿಗೆ ಇಲ್ಲೇ ಸಮೀಪದ ತಾಜಸುಲ್ತಾನಪುರದಲ್ಲಿ, ಅಂಗವೈಕಲ್ಯ ವಾಸಿಯಾಗಲೆಂದು ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ಗ್ರಹಣ ಯಾರ ಮಾತನ್ನೂ ಕೇಳುವುದಿಲ್ಲ. ಗುಂಡಿ ತೋಡುವವನು ಕೇಳಬಲ್ಲ. ಬೇಡಪ್ಪಾ ಎಂದರೆ ಸಲಿಕೆ ಕೆಳಗಿಡಬಲ್ಲ.

ಸುಮಾರು 1,500 ವರ್ಷಗಳ ಹಿಂದೆ, ಮರಣದಂಡನೆ ತಲೆಯ ಮೇಲೆ ತೂಗುತ್ತಿದ್ದಾಗ ಸೆರೆಯಲ್ಲಿ ಕುಳಿತು ರೋಮಿನ ತತ್ವಜ್ಞಾನಿ ಬೊಯೆಥಿಯಸ್ ಇದನ್ನೇ ಬಿಡಿಸಿ ಹೇಳಿದ್ದ. ಸೂರ್ಯ ಮೂಡುವುದನ್ನೂ ಮನುಷ್ಯ ನಡೆಯುವುದನ್ನೂ ಒಟ್ಟಿಗೇ ನೋಡುತ್ತೇವೆ. ಸೂರ್ಯ ಮೂಡಲೇಬೇಕು, ಮನುಷ್ಯ ನಡೆಯುವುದು ತನ್ನ ಇಚ್ಛೆಯಿಂದ. ನಾವು ನೋಡಿದ್ದರಿಂದ ಅವನ ಕಾಲು ಮುಂದೆ ಹೋಗುವುದಿಲ್ಲ. ದೇವರಿಗೆ ಎಲ್ಲ ಕಾಲವೂ ಹೀಗೆಯೇ ಕಣ್ಣೆದುರು ಇರುತ್ತದೆ ಎಂಬುದು ಅವನ ವಾದ. ನನಗೂ ಅದೇ ಸರಿಯೆನಿಸುತ್ತದೆ. ಈ ತಂದೆ ಸಹಿ ಹಾಕಿದರೆ ದೇವರು ಬಲ್ಲದ್ದು ಆ ಸಹಿಯನ್ನು. ಹಾಕದಿದ್ದರೆ ಖಾಲಿ ಜಾಗವನ್ನು. ಅವರು ಮಾಡುವುದರಿಂದ ದೇವರಿಗೆ ಗೊತ್ತು. ದೇವರಿಗೆ ಗೊತ್ತಿದೆಯೆಂದು ಅವರ ಕೈ ಕಟ್ಟಿಹೋಗುವುದಿಲ್ಲ.

ಜಾತಕದ ಮಾತು ಬೇರೆಯೇ. ಭವಿಷ್ಯವನ್ನು ಚಂದ್ರನಿಗೆ ಹೇಳಿದರೆ ಅವನು ದಾರಿ ಬದಲಿಸುವುದಿಲ್ಲ. ಹದಿನೈದರ ಹುಡುಗಿಗೆ ಹೇಳಿದರೆ ಪುಸ್ತಕ ಮುಚ್ಚಿಡುತ್ತಾಳೆ. ಮುಂದೆ ನಪಾಸಾದಾಗ ‘ಹೇಳಿದಂತೆಯೇ ಆಯಿತು’ ಎನ್ನುತ್ತಾರೆ. ಇಂಥ ಮಾತನ್ನು ಮಕ್ಕಳ ಕಿವಿಗೆ ಹಾಕಬೇಡಿರೆಂದು ಜಾತಕ ನೋಡುವವರಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ.

ಆಕೆ ಈಗಲೂ ಸಂಜೆ ನಮ್ಮ ಮನೆಗೆ ಲೆಕ್ಕ ಕಲಿಯಲು ಬರುತ್ತಾಳೆ. ನಿನ್ನೆ ತ್ರಿಕೋನಮಿತಿಯ ಎರಡು ಲೆಕ್ಕ ತಾನೇ ಬಿಡಿಸಿದಳು. ನಾಲ್ಕು ಮಡಿಕೆಯ ಅರ್ಜಿ ಅವಳ ಚೀಲದಲ್ಲೇ ಇದೆ. ತಂದೆ ನಿಮ್ಮ ಪತ್ರಿಕೆಯನ್ನು ದಿನವೂ ಓದುತ್ತಾರೆ. ಅದಕ್ಕೆಂದೇ ಇದನ್ನು ಬರೆದಿದ್ದೇನೆ.

— ನಿವೃತ್ತ ವಿಜ್ಞಾನ ಶಿಕ್ಷಕಿ, ಕಲಬುರಗಿ