ಧಾರವಾಡದಿಂದ ಗೆಳೆಯನಿಗೊಂದು ಪತ್ರ: ವಿಭಾಗದ ಸುದ್ದಿ

ಪ್ರಿಯ ಗೆಳೆಯಾ,

ವಿಭಾಗದಲ್ಲಿ ಏನು ನಡೆದಿದೆ ಎಂದು ಕೇಳಿದ್ದೆ. ಎಂಸಿಎ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ವೈವಾ (ಮೌಖಿಕ ಪರೀಕ್ಷೆ) ಮುಗಿಯಿತು. ಲ್ಯಾಬಿನಲ್ಲಿ ನಾವು ಕೂರುತ್ತಿದ್ದ ಕಿಟಕಿ ಪಕ್ಕದ ಸಾಲಿಗೆ ಹೊಸ ಕಂಪ್ಯೂಟರುಗಳು ಬಂದಿವೆ. ಹುಬ್ಬಳ್ಳಿಯ ಹುಡುಗರು ಚಿಗರಿ ಬಸ್ಸಿನಲ್ಲಿ ಹೊತ್ತಿಗೆ ಸರಿಯಾಗಿ ಬಂದು ಕೂರುತ್ತಾರೆ. ಆದರೆ ನಿನಗೆ ಹೇಳಲೇಬೇಕಾದ ಸುದ್ದಿ ಆ ವೈವಾದ್ದು.

ಗದಗ ಜಿಲ್ಲೆಯ ಹಳ್ಳಿಯೊಂದರ ಹುಡುಗಿ, ತರಗತಿಯಲ್ಲಿ ತುಟಿ ಬಿಚ್ಚದವಳು, ಕನ್ನಡ ಹೆಸರುಗಳ ದೊಡ್ಡ ಪಟ್ಟಿಯಲ್ಲಿ ಬೇಕಾದವರನ್ನು ಹುಡುಕುವ ತಂತ್ರಾಂಶ ಮಾಡಿದ್ದಳು. ಬೋರ್ಡಿನ ಮೇಲೆ ‘ಹುಬ್ಬಳ್ಳಿ’ ಎಂದು ಬರೆದು, ಇದರಲ್ಲಿ ಎಷ್ಟು ಅಕ್ಷರಗಳಿವೆ ಎಂದು ನಮ್ಮನ್ನೇ ಕೇಳಿದಳು. ಓದುವವರಿಗೆ ಮೂರು. ಪ್ರೋಗ್ರಾಂ ಬರೆಯುವ ಭಾಷೆ ಪೈಥಾನಿಗೆ ಒಂಬತ್ತು, ಏಕೆಂದರೆ ಲಿಪಿಗಳಿಗೆಲ್ಲ ಸಂಕೇತ ಕೊಡುವ ಯೂನಿಕೋಡಿನಲ್ಲಿ ವ್ಯಂಜನ, ಹಲಂತ (್), ಸ್ವರಚಿಹ್ನೆ ಎಲ್ಲಕ್ಕೂ ಬೇರೆ ಬೇರೆ ಸಂಕೇತ. ಆ ಸಂಕೇತಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೂ 3 ಬೈಟ್ ಜಾಗ, ಒಟ್ಟು 27. ಇಂಗ್ಲಿಷ್ ಅಕ್ಷರಕ್ಕಾದರೆ ಒಂದೇ ಬೈಟ್ ಸಾಕು. ಇಂಗ್ಲಿಷನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಹೆಸರಿಗೆ 20 ಬೈಟ್ ಜಾಗ ಕೊಟ್ಟರೆ ಏನಾಗುತ್ತದೆ ಎಂಬುದನ್ನೂ ಪರದೆಯ ಮೇಲೆ ತೋರಿಸಿದಳು: ‘ಹುಬ್ಬಳ’ ಎಂಬಲ್ಲಿಗೆ ಊರು ತುಂಡಾಗಿ, ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ.

ಹಲಂತದ ಮುಂದೆ ವ್ಯಂಜನ ಬಂದರೆ ಎರಡನ್ನೂ ಸೇರಿಸಿ ಒಂದೇ ಅಕ್ಷರವೆಂದು ಎಣಿಸುವುದು ಅವಳ ನಿಯಮ. ಹೊರಗಿನಿಂದ ಬಂದ ಪರೀಕ್ಷಕರು ತಕ್ಷಣ ಹಿಡಿದರು: ಹಾಗಾದರೆ ‘ರಾಜ್‌ಕುಮಾರ’ನ ಗತಿ? ಅದಕ್ಕೂ ಉತ್ತರ ಸಿದ್ಧವಿತ್ತು. ಜ್ ಮತ್ತು ಕು ನಡುವೆ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಸಂಕೇತ ಕೂತು ಒತ್ತಕ್ಷರವಾಗದಂತೆ ತಡೆಯುತ್ತದೆ. ಟೈಪ್ ಮಾಡುವಾಗ ಕೆಲವರು ಅದನ್ನು ಒತ್ತುತ್ತಾರೆ, ಕೆಲವರು ಒತ್ತುವುದಿಲ್ಲ. ಹೀಗಾಗಿ ಒಬ್ಬನೇ ಮನುಷ್ಯ ಪಟ್ಟಿಯಲ್ಲಿ ಇಬ್ಬರಾಗಿಬಿಡುತ್ತಾನೆ. ಹುಡುಕುವಾಗ ಆ ಸಂಕೇತವನ್ನು ಬಿಟ್ಟು, ತೋರಿಸುವಾಗ ಇಟ್ಟುಕೊಂಡಿದ್ದಳು. ಪರೀಕ್ಷಕರು ಕುರ್ಚಿಯಿಂದ ಎದ್ದು ಬಂದು ಅವಳ ಕೋಡನ್ನು ಸಾಲು ಸಾಲಾಗಿ ಓದಿದರು. ನನಗಾದ ಸಂತೋಷವನ್ನು ಏನೆಂದು ಹೇಳಲಿ!

ನಾವು ಓದುವಾಗ ಧಾರವಾಡದಲ್ಲಿ ಐಐಟಿ ಇರಲಿಲ್ಲ. 2016ರಲ್ಲಿ ವಾಲ್ಮಿಯ (ನೀರು-ನೆಲ ನಿರ್ವಹಣಾ ಸಂಸ್ಥೆ) ಆವರಣದಲ್ಲಿ ಶುರುವಾದದ್ದು ಈಗ ಚಿಕ್ಕಮಲ್ಲಿಗವಾಡದ ಸ್ವಂತ ಕ್ಯಾಂಪಸ್ಸಿನಲ್ಲಿದೆ. ತಡಸಿನಕೊಪ್ಪದಲ್ಲಿ ಐಐಐಟಿ ಕೂಡ ಬಂದಿದೆ. ಊರಿಗೆ ಒಳ್ಳೆಯದೇ. ಆದರೆ ಆ ಹೆಸರು ಕೇಳಿದರೆ ಸಾಕು, ನಮ್ಮ ಮಕ್ಕಳಿಗೆ ಒಳಗೊಳಗೇ ಅಳುಕು. ಅಂದು ಈ ಹುಡುಗಿ ಮಾತಾಡುವಾಗ ಆ ಅಳುಕು ಲವಲೇಶವೂ ಇರಲಿಲ್ಲ, ಏಕೆಂದರೆ ಅದು ಅವಳು ಹುಟ್ಟಿನಿಂದ ಬಲ್ಲ ನುಡಿಯ ಸಮಸ್ಯೆ. ಸ್ಟ್ರಿಂಗ್‌ಗಳ (ಅಕ್ಷರಸಾಲುಗಳ) ಪಾಠವನ್ನು ಕನ್ನಡ ಪದಗಳಿಂದಲೇ ಶುರುಮಾಡಬೇಕೆಂದು ಅಧ್ಯಯನ ಮಂಡಳಿಯ ಮುಂದಿನ ಸಭೆಯಲ್ಲಿ ಕೇಳುತ್ತೇನೆ. ಬಿಡುವುದಿಲ್ಲ.

ನೀನು ದಿನವಿಡೀ ಡೇಟಾಬೇಸುಗಳ ಜೊತೆ ಇರುವವನು. ಕನ್ನಡ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವುದು, ಬೇಗ ಹುಡುಕಲು ಅವಕ್ಕೆ ಇಂಡೆಕ್ಸ್ ಕಟ್ಟುವುದು ಹೇಗೆಂದು ಒಂದು ಶನಿವಾರ ಬಂದು ನಮ್ಮ ಹುಡುಗರಿಗೆ ತೋರಿಸು. ಬೆಳಗಿನ ವಂದೇ ಭಾರತ್ ಹತ್ತಿದರೆ ಮಧ್ಯಾಹ್ನದ ಹೊತ್ತಿಗೆ ಇಲ್ಲಿರುತ್ತೀಯೆ. ಊಟ ನಮ್ಮ ಮನೆಯಲ್ಲಿ, ನಂತರ ಲ್ಯಾಬು. ಯಾವ ಶನಿವಾರ ಎಂದು ಬೇಗ ತಿಳಿಸು, ಲ್ಯಾಬು ಕಾಯ್ದಿರಿಸಬೇಕು.

ಇಂತಿ ನಿನ್ನ
ಗೆಳೆಯ