ಬಾಲ್ಟಿಕ್ ಅವೆನ್ಯೂದಿಂದ ರಾಘುವಿಗೆ

ಎಡಿಸನ್, ನ್ಯೂಜೆರ್ಸಿ
ನವೆಂಬರ್ 2016

ಪ್ರಿಯ ರಾಘು,

ಹಳೆಯ ನೋಟುಗಳು ರದ್ದಾದ ಮೇಲೆ ನೀನು ಎಟಿಎಂ ಸಾಲಿನಲ್ಲಿ ನಿಂತೇ ಇದನ್ನು ಓದುತ್ತಿರುತ್ತೀಯ. ಹಾಗಾಗಿ ಉದ್ದ ಬರೆಯಲು ನನಗೆ ಸಂಕೋಚವಿಲ್ಲ.

ಶನಿವಾರ ಕ್ಯಾಸಿನೊಗಳ ಊರು ಅಟ್ಲಾಂಟಿಕ್ ಸಿಟಿಗೆ ಹೋಗಿದ್ದೆ. ನಿಮ್ಮ ಜಗಲಿಯ ಮೇಲೆ ಕುಳಿತು ಮುಂಬೈ, ದೆಹಲಿಗಳನ್ನು ಕೊಂಡು ಮಾರುತ್ತಿದ್ದೆವಲ್ಲ, ಆ ವ್ಯಾಪಾರದ ಆಟದ ಮೂಲ ಅಮೆರಿಕದ ಮೊನಾಪಲಿ. ಅದರ ಹಲಗೆಯ ಮೇಲಿರುವುದು ಹೆಚ್ಚಾಗಿ ಈ ಊರಿನ ಬೀದಿಗಳ ಹೆಸರು. ಕಡಲ ದಂಡೆಗುಂಟ ಹಲಗೆ ಹಾಸಿದ ಬೋರ್ಡ್‌ವಾಕ್ ಎಲ್ಲಕ್ಕಿಂತ ದುಬಾರಿ, 400 ಡಾಲರ್. ಬಾಲ್ಟಿಕ್ ಅವೆನ್ಯೂ ಬರೀ 60.

ಕಳೆದ ತಿಂಗಳ 10ರಂದು ತಾಜ್ ಮಹಲ್ ಮುಚ್ಚಿತು. ಗಾಬರಿಯಾಗಬೇಡ, ಆಗ್ರಾದ್ದಲ್ಲ. ಗೋಪುರ, ಕಲ್ಲಾನೆಗಳ ಸಮೇತ 1990ರಲ್ಲಿ ತೆರೆದ ಇಲ್ಲಿನ ಕ್ಯಾಸಿನೊ. ಅದನ್ನು ಕಟ್ಟಿ ಮುಗಿಸಿದ ಟ್ರಂಪ್ ಅವರಿಗೆ ಈ ತಿಂಗಳು ವಾಷಿಂಗ್ಟನ್‌ನಲ್ಲಿ ಹೊಸ ಕೆಲಸ ಸಿಕ್ಕಿದೆ. ಒಳಗೆ ದುಡಿಯುತ್ತಿದ್ದ ಸುಮಾರು ಮೂರು ಸಾವಿರ ಜನರಿಗೆ ಇದ್ದ ಕೆಲಸವೂ ಹೋಗಿದೆ. ಅವರು ಆರೋಗ್ಯ ವಿಮೆ, ಪಿಂಚಣಿ ಕೇಳಿ ಜುಲೈನಿಂದ ಮುಷ್ಕರ ಹೂಡಿದ್ದರು. ಈಗಿನ ಒಡೆಯರು ಬೀಗ ಜಡಿದರು. ಬಾಗಿಲ ಗಾಜಿಗೆ ಮುಖವೊತ್ತಿ ನೋಡಿದೆ, ಬರೀ ಕತ್ತಲೆ. ಹೊರಗೆ, ಪ್ರವಾಸಿಗರನ್ನು ಕೂರಿಸಿಕೊಂಡು ತಳ್ಳುವ ಗಾಲಿಕುರ್ಚಿಯವನು ತನ್ನ ಕುರ್ಚಿಯಲ್ಲಿ ತಾನೇ ಕುಳಿತು ನಿದ್ದೆ ಹೋಗಿದ್ದ.

2014ರ ಆರಂಭದಲ್ಲಿ ಇಲ್ಲಿ 12 ಕ್ಯಾಸಿನೊಗಳಿದ್ದವು, ಈಗ 7. ರೆವೆಲ್ ಎಂಬುದನ್ನು 240 ಕೋಟಿ ಡಾಲರ್ ಸುರಿದು 2012ರಲ್ಲಿ ತೆರೆದರು, ಎರಡೇ ವರ್ಷಕ್ಕೆ ಮುಚ್ಚಿದರು, ಕೊನೆಗೆ 8.2 ಕೋಟಿಗೆ ಮಾರಿದರು. ನಿನ್ನ ಜೊತೆ ಆಡುವಾಗ ನಾನೂ ಇಷ್ಟು ಬೇಗ ದಿವಾಳಿಯಾಗಿರಲಿಲ್ಲ. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ 2006ರ ಕೊನೆಗೆ ಕ್ಯಾಸಿನೊಗಳು ತೆರೆದವು, ಬೆನ್ನಿಗೇ 2008ರ ಆರ್ಥಿಕ ಕುಸಿತ ಬಂತು. ಮನೆಯ ಹತ್ತಿರವೇ ಸೋಲಲು ಅನುಕೂಲವಿರುವಾಗ ಅಷ್ಟು ದೂರ ಯಾರು ಬರುತ್ತಾರೆ? ಕ್ಯಾಸಿನೊಗಳ ಬೆಲೆ ಇಳಿದಂತೆ ಊರಿನ ತೆರಿಗೆಯ ಹೊರೆ ಮನೆಗಳ ಹೆಗಲಿಗೆ ಬಿತ್ತು. ಈ ತಿಂಗಳ 9ರಂದು ರಾಜ್ಯ ಸರ್ಕಾರ ನಗರದ ಹಣಕಾಸನ್ನೇ ತನ್ನ ಕೈಗೆ ತೆಗೆದುಕೊಂಡಿತು.

ಇಷ್ಟೆಲ್ಲ ನನಗೆ ಹೇಗೆ ಗೊತ್ತು ಎಂದು ನೀನು ಕೇಳುತ್ತೀಯ. ನಾನು ಹೋದದ್ದು ಸಮುದ್ರ ನೋಡಲು ಅಲ್ಲ, ರಾಘು. ಸಾಲ ತೀರದೆ ಬ್ಯಾಂಕು ವಶಪಡಿಸಿಕೊಂಡ ಮನೆಯೊಂದು ಅಗ್ಗಕ್ಕೆ ಬರುತ್ತದೆಂದು ನೋಡಲು. ಬಾಲ್ಟಿಕ್ ಅವೆನ್ಯೂದಲ್ಲಿ.

ಗಂಡ ಹೆಂಡತಿ ಇಬ್ಬರೂ ಕ್ಯಾಸಿನೊ ಕೆಲಸದವರಂತೆ. ಅಡುಗೆಮನೆಯ ಗೋಡೆಯ ಮೇಲೆ ಬಂಗಾಳಿ ಕ್ಯಾಲೆಂಡರ್ ಉಳಿದಿತ್ತು. ಕಪಾಟಿನ ಮೂಲೆಯಲ್ಲಿ ಮಾವಿನಕಾಯಿ ಉಪ್ಪಿನಕಾಯಿಯ ಜಾಡಿ, ಮೇಲೆ ಬೆರಳಗಲ ಎಣ್ಣೆ ನಿಂತಿತ್ತು. ಯಾರೋ ಶ್ರದ್ಧೆಯಿಂದ ಹಾಕಿದ ಉಪ್ಪಿನಕಾಯಿ. ನಾನು ಮುಚ್ಚಳ ತೆರೆದು ಮೂಸಿದೆ. ಆಮೇಲೆ ದಲ್ಲಾಳಿಯನ್ನು ಕೇಳಿದೆ: ಬೆಲೆ ಇನ್ನೂ ಇಳಿಯಬಹುದೇ? ವಸಂತದವರೆಗೆ ತಾಳಿ, ತಾಜ್‌ನವರ ಮನೆಗಳೂ ಬರುತ್ತವೆ ಎಂದ. ನನಗೆ ಖುಷಿಯಾಯಿತು. ತಪ್ಪಾಗಿ ಓದಲಿಲ್ಲ ನೀನು, ಖುಷಿಯೇ ಆಯಿತು. ಅದೇ ಉತ್ಸಾಹದಲ್ಲಿ, ಒಳಗೆ ನೀರು ಇಳಿದಿದೆಯೇ ಎಂದು ಗೋಡೆಯನ್ನು ತಟ್ಟಿ ತಟ್ಟಿ ನೋಡಿದೆ.

ನಮ್ಮೂರು ಸಾಗರದಲ್ಲಿ ನಮ್ಮ ಮನೆ ಹರಾಜಿಗೆ ಬಂದಾಗ ನೋಡಲು ಬಂದವರು ಬಚ್ಚಲಿಗೆ ಹೋಗಿ ತಾಮ್ರದ ಹಂಡೆಯನ್ನು ಹೀಗೇ ಬೆರಳಿನಿಂದ ತಟ್ಟಿದ್ದರು. ಅಪ್ಪ ಆ ಸದ್ದು ಕೇಳಲಾರದೆ ಹಿತ್ತಲಿಗೆ ಹೋದರು. ನೀನೂ ಅಲ್ಲೇ ಇದ್ದೆ. ಆ ಮನುಷ್ಯನನ್ನು ಮೂವತ್ತು ವರ್ಷ ಬೈದುಕೊಂಡು ಬಂದಿದ್ದೇನೆ. ಪಾಪ, ಅವನಿಗೂ ಬಿಸಿನೀರು ಬೇಕಿತ್ತೇನೋ.

ಸರಿ, ಇದನ್ನು ಬರೆಯಬೇಕೆಂದು ಕುಳಿತಿರಲಿಲ್ಲ. ಮನೆ ಕೊಂಡೆನೇ ಎಂದು ಕೇಳಬೇಡ, ವಸಂತ ಇನ್ನೂ ದೂರವಿದೆ. ಸದ್ಯಕ್ಕೆ ಆ ಊರಿನಲ್ಲಿ ನಾನು ಕೊಂಡದ್ದು ಅಲ್ಲಿನ ಹೆಸರಾಂತ ಉಪ್ಪುನೀರಿನ ಟಾಫಿಯ ಒಂದು ಡಬ್ಬಿ. ಮೊದಲನೆಯದಕ್ಕೇ ಎಡದವಡೆಯ ಹಲ್ಲಿನ ಟೋಪಿ ಕಿತ್ತು ಬಂತು. ದಂತವೈದ್ಯರು ಕೇಳಿದ ಹಣದಲ್ಲಿ ಹಲಗೆಯ ಮೇಲಿನ ಬಾಲ್ಟಿಕ್ ಅವೆನ್ಯೂವನ್ನು ಇಪ್ಪತ್ತು ಸಲ ಕೊಳ್ಳಬಹುದು.

ನಿನ್ನ,
ನಮ್ಮ ಆಟದ ಬ್ಯಾಂಕ್ ಮ್ಯಾನೇಜರ್ (ಅಮಾನತಿನಲ್ಲಿ)